ರಿಮೋಟ್ ರಿಜಿಸ್ಟ್ರಿಗೆ ಸ್ಟೇ

ಕುಸುಮಾ: ಮಾವ, ಮೊದಲು ಮೌಸ್ ಬಿಡಿ! ಇದುವರೆಗೆ ಎಷ್ಟು ಸರ್ವಿಸ್ ನಿಲ್ಲಿಸಿದ್ದೀರ?

ಕೃಷ್ಣಪ್ಪ: ಹನ್ನೊಂದು. ಇನ್ನೂ ಅವೆ. ಪಟ್ಟಿ ನೋಡವ್ವ, ಎಷ್ಟುದ್ದ ಐತೆ! ನಮ್ಮನೆ ಕಂಪ್ಯೂಟರ್ ಒಳಗೆ ನಮ್ಗೇ ಗೊತ್ತಿಲ್ದಂಗೆ ಇಷ್ಟು ಜನ ಸೇರ್ಕೊಂಡವ್ರೆ.

ನಾಗರಬಾವಿಯ ಹಳೇ ಊರಿನ ಕೃಷ್ಣಪ್ಪನವರು ಬೆಳಿಗ್ಗೆ ಫೋನಿನಲ್ಲಿ ‘ಕಂಪ್ಯೂಟರ್ ನಿಧಾನವೇ? ಈ ಸರ್ವಿಸ್‌ಗಳನ್ನು ನಿಲ್ಲಿಸಿ’ ಎಂಬ ವಿಡಿಯೋ ನೋಡಿದ್ದರು. ಸೊಸೆ ಕುಸುಮಾ ಅಣ್ಣತಮ್ಮಂದಿರ ಸೈಟಿನ ಪಾಲುಪತ್ರವನ್ನು ಪ್ರಿಂಟ್ ತೆಗೆಯಬೇಕಿತ್ತು. ಸಹಿ ಹಾಕಲು ಕೊನೆಗೂ ಒಪ್ಪಿದ್ದ ಕೃಷ್ಣಪ್ಪನವರ ತಮ್ಮ ಭೈರೇಶ್ ಆಗಲೇ ಕೆಂಗೇರಿಯಿಂದ ಹೊರಟಿದ್ದ. ಸಂಜೆಯವರೆಗೆ ಬಿಟ್ಟರೆ ಅವನ ಮನಸ್ಸು ಬದಲಾಗುವುದು ಖಂಡಿತ. ಪ್ರಿಂಟರ್ ಮಾತ್ರ ಮಿಸುಕುತ್ತಿರಲಿಲ್ಲ.

ಕುಸುಮಾ: ಅವೆಲ್ಲ ಹಿಂದೆ ಕೂತು ಕೆಲಸ ಮಾಡ್ತವೆ ಮಾವ. ಕಣ್ಣಿಗೆ ಕಾಣಲ್ಲ, ಅಷ್ಟೆ.

ಕೃಷ್ಣಪ್ಪ: ಕಣ್ಣಿಗೆ ಕಾಣ್ದಂಗೆ ಮಾಡೋ ಕೆಲ್ಸ ಎಂಥದು ಅಂತ ನಂಗೆ ಹೇಳ್ಕೊಡ್ತೀಯಾ? ನಲವತ್ತು ವರ್ಷ ಆಫೀಸು ಆಫೀಸು ಅಲೆದಿವ್ನಿ. ಇಲ್ನೋಡು, ‘ಜಿಯೋಲೊಕೇಶನ್’. ನಮ್ಮ ಜಾಗ ಎಲ್ಲೈತೆ ಅಂತ ಇವನಿಗ್ಯಾಕೆ? ನಿಲ್ಲಿಸ್ದೆ. ಒಂದನ್ನ ಮಾತ್ರ ಶುರು ಮಾಡಿವ್ನಿ.

ಕುಸುಮಾ: ಯಾವುದು?

ಕೃಷ್ಣಪ್ಪ: ‘ರಿಮೋಟ್ ರಿಜಿಸ್ಟ್ರಿ’. ಅದರ ಮುಂದೆ ‘ಡಿಸೇಬಲ್ಡ್’ ಅಂತಿತ್ತು. ನಮ್ಮ ರಿಜಿಸ್ಟ್ರಿಗೆ ಯಾರೋ ಸ್ಟೇ ತಂದವ್ರೆ!

ಕುಸುಮಾ: ಅಯ್ಯೋ, ಸೈಟಿನ ರಿಜಿಸ್ಟ್ರಿ ಅಲ್ಲ ಅದು! ಕಂಪ್ಯೂಟರ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಕೊಳೋ ಜಾಗ. ಈ ಸರ್ವಿಸ್ ಶುರು ಆದ್ರೆ ಬೇರೆಯವರು ದೂರದಿಂದಾನೇ ಅದನ್ನ ತಿದ್ದಬಹುದು.

ಕೃಷ್ಣಪ್ಪ: ದೂರದಿಂದಾನೇ? ಕೆಂಗೇರಿಯಿಂದ್ಲೂ?

ಕುಸುಮಾ: ಪರ್ಮಿಷನ್ ಇದ್ರೆ ಎಲ್ಲಿಂದಾದ್ರೂ.

ಕೃಷ್ಣಪ್ಪ: ನಿಲ್ಲಿಸವ್ವ, ಬೇಗ ನಿಲ್ಲಿಸು! ಅವ್ನಿಗೆ ನಾನೇ ಬಾಗ್ಲು ತೆಗೆದಂಗಾಯ್ತು!

ಕುಸುಮಾ ಅದನ್ನು ಮೊದಲಿನಂತೆ ಮಾಡಿ, ಪಟ್ಟಿಯಲ್ಲಿ ಸ್ವಲ್ಪ ಮೇಲೆ ಹೋಗಿ, ಹಣೆ ಚಚ್ಚಿಕೊಂಡಳು.

ಕುಸುಮಾ: ‘ಪ್ರಿಂಟ್ ಸ್ಪೂಲರ್’ನೂ ನಿಲ್ಲಿಸಿದ್ದೀರಲ್ಲ! ಇನ್ನೆಲ್ಲಿಂದ ಪ್ರಿಂಟ್ ಬರುತ್ತೆ?

ಕೃಷ್ಣಪ್ಪ: ಪ್ರಿಂಟ್ ಹಾಕೋಕೆ ಪ್ರಿಂಟರ್ ಐತಲ್ಲ. ಮಧ್ಯೆ ಇವ್ನ್ಯಾರು, ಬ್ರೋಕರ್ರಾ?

ಕುಸುಮಾ: ಹಂಗೇ ಅಂದ್ಕೊಳಿ. ಪೇಪರೆಲ್ಲ ಇವನ ಹತ್ರ ಸಾಲಾಗಿ ನಿಲ್ತವೆ. ಇವನು ಒಂದೊಂದಾಗಿ ಪ್ರಿಂಟರಿಗೆ ಕಳಿಸ್ತಾನೆ.

ಕೃಷ್ಣಪ್ಪ: ಕಮಿಷನ್?

ಕುಸುಮಾ: ತಗೊಳಲ್ಲ.

ಕೃಷ್ಣಪ್ಪ: ಕಮಿಷನ್ ಇಲ್ದೆ ಪೇಪರ್ ಮುಂದಕ್ಕೆ ಕಳಿಸ್ತಾನಾ? ನಾನು ಅನುಮಾನ ಪಟ್ಟಿದ್ದು ಸರಿಯಾಗೇ ಐತೆ!

ಗೇಟು ಕಿರುಗುಟ್ಟಿತು. ಭೈರೇಶ್ ಚಪ್ಪಲಿ ಬಿಟ್ಟು ಒಳಗೆ ಬಂದವನು ಪ್ರಿಂಟರ್ ಪಕ್ಕದ ಕುರ್ಚಿಯಲ್ಲೇ ಕೂತ.

ಭೈರೇಶ್: ಏನಣ್ಣ, ಪತ್ರ ರೆಡಿನಾ?

ಕುಸುಮಾ: ಒಂದ್ನಿಮಿಷ ಚಿಕ್ಕಮಾವ. ‘ಆಟೊಮ್ಯಾಟಿಕ್’ ಮಾಡಿ ‘ಸ್ಟಾರ್ಟ್’ ಒತ್ತಿದೆ. ಅರೆ, ಬೆಳಿಗ್ಗೆ ಕೊಟ್ಟಿರೋದು ಯಾವುದೋ ಒಂದು ಕಾಯ್ತಾ ಇದೆ. ಅದು ಮೊದಲು ಬರುತ್ತೆ.

ಕೃಷ್ಣಪ್ಪ: ಬೆಳಿಗ್ಗೇದಾ? ನಾನು ಕೊಟ್ಟಿದ್ದಾ? ಅದು ಬರ್ಲೇ ಇಲ್ವಲ್ಲ, ಹಾಳಾಗೋಯ್ತು ಅಂದ್ಕೊಂಡಿದ್ದೆ!

ಕುಸುಮಾ: ಆಗ ಪ್ರಿಂಟರ್ ಆಫ್ ಆಗಿತ್ತು, ಅದಕ್ಕೇ ಬಂದಿಲ್ಲ. ಎಲ್ಲೂ ಹೋಗಲ್ಲ ಮಾವ, ಸ್ಪೂಲರ್ ಜೋಪಾನವಾಗಿ ಇಟ್ಟಿರ್ತಾನೆ.

ಕೃಷ್ಣಪ್ಪ: ಇನ್ನೊಂದ್ಸಲ ನಿಲ್ಲಿಸವ್ವ ಅವನ್ನ! ನಿನ್ನ ದಮ್ಮಯ್ಯ!

ಪ್ರಿಂಟರ್ ಗರಗರ ಎಂದು ಹಾಳೆಯನ್ನು ಹೊರಹಾಕಿತು. ಕೃಷ್ಣಪ್ಪನವರು ಕುರ್ಚಿಯಿಂದ ಏಳುವ ಮೊದಲೇ ಅದು ಭೈರೇಶನ ಕೈಯಲ್ಲಿತ್ತು.

ಭೈರೇಶ್: ‘ರಸ್ತೆ ಕಡೆಯ ಭಾಗ ಸಂಪೂರ್ಣವಾಗಿ ಹಿರಿಯ ಸಹೋದರರಿಗೆ, ಹಿಂಭಾಗ ಕಿರಿಯ ಸಹೋದರರಿಗೆ...’ ಅಣ್ಣ, ಉದ್ದಕ್ಕೆ ಅರ್ಧ ಅರ್ಧ, ಇಬ್ರಿಗೂ ರಸ್ತೆ ಅಂತ ತಾನೆ ಮಾತಾಗಿದ್ದು?

ಕೃಷ್ಣಪ್ಪ: ಅದು... ಆ ಸ್ಪೂಲರ್ ಮಾಡಿರೋ ಕಿತಾಪತಿ ಕಣೋ. ಮೊದ್ಲಿಂದ್ಲೂ ಅವನ ಮೇಲೆ ನಂಗೆ ನಂಬ್ಕೆ ಇರ್ಲಿಲ್ಲ.

ಕುಸುಮಾ ಮಾತಾಗಿದ್ದಂತೆಯೇ ಬರೆಸಿದ್ದ ಪತ್ರದ ಪ್ರಿಂಟ್ ತೆಗೆದು, ಮಾವನ ಮುಂದಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿಕೊಟ್ಟಳು. ಕೃಷ್ಣಪ್ಪನವರು ತಲೆ ಎತ್ತದೆ ಸಹಿ ಹಾಕಿದರು. ಭೈರೇಶ್ ಎರಡು ಸಲ ಓದಿ ಸಹಿ ಹಾಕಿದ.

ಕುಸುಮಾ: ಸಾಕ್ಷಿಗೆ ಯಾರನ್ನ ಕರೆಯೋಣ ಚಿಕ್ಕಮಾವ?

ಭೈರೇಶ್: ಆ ಸ್ಪೂಲರ್‌ನೇ ಕರಿಯಮ್ಮ. ಕೊಟ್ಟಿದ್ದನ್ನ ಕೊಟ್ಟಂಗೇ ಹೊರಗೆ ಹಾಕೋನು ಈ ಮನೇಲಿ ಅವನೊಬ್ನೇ.