ಮಗುಚುವ ವಾಚಿನ ಪಾಲುಪಟ್ಟಿ

ಇವತ್ತು ಯಾರ ಮಾತಿಗೂ ನಗಬಾರದು, ಬಾಯಿ ಮುಚ್ಚಿ ಕೆಲಸ ಮಾಡಬೇಕು ಎಂದು ನಿಶ್ಚಯಿಸಿ ನಾನು ಅಂಗಡಿ ಬಾಗಿಲು ತೆಗೆದ ದಿನವೇ ಯಾರಾದರೂ ಒಬ್ಬರು ವಾಚ್ ಹಿಡಿದುಕೊಂಡು ಬಂದು ನನ್ನ ವ್ರತ ಕೆಡಿಸುತ್ತಾರೆ. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ, ಒಂದು ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ನನ್ನ ವಾಚ್ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಮೂವತ್ತು ವರ್ಷವಾಯಿತು.

ಈಗೆಲ್ಲ ಬರುವವರು ಹೆಚ್ಚಾಗಿ ಸೆಲ್ ಹಾಕಿಸಲು ಬರುವವರು. ಸೆಲ್ ಹಾಕುವುದನ್ನು ನಾನು ಕೆಲಸ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೀ ಕೊಡುವ ಹಳೆಯ ಸ್ವಿಸ್ ವಾಚ್ ಬಂತೆಂದರೆ ಮಾತ್ರ ನನ್ನ ಬೆನ್ನು ನೆಟ್ಟಗಾಗುತ್ತದೆ. ಅಂಥದ್ದನ್ನು ಬಿಚ್ಚಿ ಪುನಃ ಜೋಡಿಸುವ ಕೈ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿ ನನ್ನದೊಂದೇ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಯಾರೂ ಇಲ್ಲ ಎಂದದ್ದಿಲ್ಲ. ಅವರ ವಾಚ್ ಬಿಚ್ಚಿಕೊಂಡು ನನ್ನ ಮೇಜಿನ ಮೇಲೆ ಬಿದ್ದಿರುವಾಗ ಇಲ್ಲ ಎನ್ನುವ ಧೈರ್ಯ ಯಾರಿಗೆ ಬರುತ್ತದೆ?

ಅಂಥ ಒಂದು ವಾಚ್ ನನ್ನ ಕೈಯಲ್ಲಿ ಮಗುಚಿತು. ಅದರ ಜೊತೆ ಒಂದು ಕುಟುಂಬವೂ ಮಗುಚಿಬಿತ್ತು.

೧. ಮುಖವಿಲ್ಲದ ವಾಚ್

ನಾಲ್ಕೂವರೆ ವರ್ಷದ ಹಿಂದೆ ಮಂಡೆಕೋಲಿನ ಹಿರಿಯರೊಬ್ಬರು ಬಂದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಹಳೆಯ ಬಿಸ್ಕಿಟ್ ಡಬ್ಬಿಯಿಂದ ಒಂದು ಚರ್ಮದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯ ನಡುವೆ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಸ್ಟೀಲಿನ ಚೌಕ. ಮುಳ್ಳಿಲ್ಲ, ಅಂಕಿಯಿಲ್ಲ, ಗಾಜಿಲ್ಲ.

"ಇದು ಎಂತ ಅಂತ ಒಮ್ಮೆ ನೋಡಿ ಮಾರಾಯ್ರೆ" ಎಂದರು. "ನಮ್ಮ ಅಪ್ಪ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟ್ರು ಆಗಿದ್ದರು. ಬ್ರಿಟಿಷ್ ದೊರೆ ತನ್ನ ಊರಿಗೆ ವಾಪಸ್ ಹೋಗುವಾಗ ಇದನ್ನು ಅವರ ಕೈಗೆ ಕಟ್ಟಿ ಹೋದದ್ದಂತೆ. ನಮಗೆ ಬುದ್ಧಿ ಬಂದಾಗಿಂದ ಹೀಗೇ ಉಂಟು. ತಮ್ಮ ಹೇಳುದು ಇದು ರಕ್ಷೆ ಅಂತ. ನನಗೆ ಇದು ಬಿಪಿಗೆ ಕಟ್ಟುವಂಥದ್ದು ಅಂತ ಸಂಶಯ."

ಇಂಥದ್ದನ್ನು ಅದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಹೆಬ್ಬೆರಳಿನಿಂದ ಚೌಕವನ್ನು ಮೆಲ್ಲ ಬದಿಗೆ ದೂಡಿ, ದೋಸೆ ಮಗುಚಿದ ಹಾಗೆ ಮಗುಚಿ, ಪುನಃ ಒಳಗೆ ದೂಡಿದೆ. ಟಕ್ ಎಂದು ಕೂತಿತು. ಗಾಜು, ಬೆಳ್ಳಗಿನ ಡಯಲು, ನೀಲಿ ಮುಳ್ಳು ಎಲ್ಲ ಮೇಲೆ ಬಂತು. ವಾಚ್ ಯಾವತ್ತೋ ನಿಂತುಹೋಗಿದ್ದಿರಬೇಕು. ನಿಂತದ್ದು ನಾಲ್ಕು ಜನಕ್ಕೆ ಕಾಣುವುದು ಬೇಡವೆಂದು ರೈಟ್ರು ಮಗುಚಿಟ್ಟಿರಬೇಕು.

ಹಿರಿಯರು ಎದ್ದು ನಿಂತರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ಡಯಲಿಗೆ ಕೈಮುಗಿದು, ದೊಡ್ಡ ತಪ್ಪಾದವರ ಸ್ವರದಲ್ಲಿ ಹೇಳಿದರು: "ಐವತ್ತು ವರ್ಷದಿಂದ ಪ್ರತಿ ಸಂಕ್ರಮಣಕ್ಕೆ ಇದಕ್ಕೆ ಹೂ ಇಡ್ತಾ ಇದ್ದೆವು ಮಾರಾಯ್ರೆ. ಎಲ್ಲ ಬೆನ್ನಿಗೇ ಇಟ್ಟದ್ದು!"

೨. ದೊರೆಗಳ ಆಟ

ಕೊಳೆ ತೆಗೆದು, ಎಣ್ಣೆ ಕೊಟ್ಟು, ಸ್ಪ್ರಿಂಗ್ ಬದಲಿಸಿ ಓಡುವ ಹಾಗೆ ಮಾಡಲು ನನಗೆ ಇಪ್ಪತ್ತು ದಿನ ಹಿಡಿಯಿತು. ವಾಚ್ ಕೊಂಡುಹೋಗಲು ಬಂದಾಗ ಹಿರಿಯರು, "ಇದು ಮಗುಚುದು ಯಾಕೆ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ನಾನು ಕಾದು ಕೂತಿರುತ್ತೇನೆ. ಪೋಲೊ ಎಂಬ ಆಟ ಉಂಟು ಎಂದೆ. ಬ್ರಿಟಿಷ್ ಅಧಿಕಾರಿಗಳು ಕುದುರೆಯ ಮೇಲೆ ಕೂತು ಉದ್ದದ ಕೋಲಿನಲ್ಲಿ ಚೆಂಡು ಹೊಡೆಯುತ್ತಿದ್ದರು. ಆಟದ ಭರದಲ್ಲಿ ಪೆಟ್ಟು ಬಿದ್ದು ವಾಚಿನ ಗಾಜು ಒಡೆಯುತ್ತಿತ್ತು. ಅವರ ದೂರು ಕೇಳಿ ಸ್ವಿಸ್ ವಾಚಿನವರು ತಲೆಕೆಡಿಸಿಕೊಂಡು, ಜಾಣ ಎಂಜಿನಿಯರನ್ನು ಹಿಡಿದು, ಚೌಕಟ್ಟಿನೊಳಗೆ ಜಾರಿ ಮಗುಚುವ ಈ ಪೆಟ್ಟಿಗೆ ಮಾಡಿಸಿದರು. ಆಡುವಾಗ ಗಾಜು ಒಳಗೆ, ಸ್ಟೀಲು ಹೊರಗೆ. ಇಷ್ಟನ್ನು ನಾನು ಕೈ ಬಾಯಿ ಎಲ್ಲ ತಿರುಗಿಸಿ ವಿವರಿಸಿದೆ.

ಹಿರಿಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಟಕ್ಕೆ ಇಳಿಯುವ ಮೊದಲು ಬಿಚ್ಚಿ ಹೆಂಡತಿ ಕೈಲಿ ಕೊಟ್ಟರೆ ಆಗ್ತಿರ್ಲಿಲ್ವಾ? ನಾವು ವಾಲಿಬಾಲ್ ಆಡುವಾಗ ಹಾಗೇ ಮಾಡುದು" ಎಂದರು.

ಮೂವತ್ತು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ. "ಅವರಿಗೂ ಹೊಳೆದಿರಲಿಕ್ಕಿಲ್ಲ" ಎಂದೆ.

ಹಿರಿಯರು ದೊರೆಗಳ ಬಗ್ಗೆ ತುಂಬಾ ಕನಿಕರದಿಂದ ತಲೆಯಾಡಿಸಿದರು. "ಹಾಗೆ ಮತ್ತೆ ಅವರಿಗೆ ಈ ದೇಶ ಬಿಟ್ಟು ಹೋಗ್ಬೇಕಾಗಿ ಬಂದದ್ದು."

೩. ಬೆನ್ನಿನ ಹಕ್ಕುದಾರ

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಹಿರಿಯರಿಗೆ ಒಬ್ಬ ತಮ್ಮ. ಪಂಜದಲ್ಲಿ ಹಾರ್ಡ್‌ವೇರ್ ಅಂಗಡಿ, ಮಾತಿನಲ್ಲಿ ವಕೀಲ. ಅಣ್ಣತಮ್ಮಂದಿರ ಪಾಲು ಯಾವತ್ತೋ ಜಗಳವಿಲ್ಲದೆ ಆಗಿತ್ತು. ಆ ಪಾಲಿನಲ್ಲಿ 'ಅಪ್ಪನ ಕೈಪಟ್ಟಿ' ಎಂದು ಈ ವಾಚು ಅಣ್ಣನಿಗೆ ಹೋಗಿತ್ತು. ಈಗ ಅದಕ್ಕೆ ಮುಖ ಬಂದದ್ದು ಕೇಳಿ ತಮ್ಮ ಸೀದಾ ನನ್ನಲ್ಲಿಗೇ ಬಂದರು.

"ಪಾಲಾಗುವಾಗ ಇದಕ್ಕೆ ಮುಖ ಇತ್ತಾ?"

"ಇತ್ತು, ಕಾಣ್ತಿರಲಿಲ್ಲ" ಎಂದೆ.

"ಕಾಣದ್ದನ್ನು ಪಾಲು ಮಾಡುದು ಹೇಗೆ? ಅಣ್ಣನಿಗೆ ಸಿಕ್ಕಿದ್ದು ಬೆನ್ನು ಮಾತ್ರ. ಮುಖ ಇನ್ನೂ ಪಾಲಾಗ್ಲಿಲ್ಲ!"

ಕುಟುಂಬದ ಹಿರಿಯರೆಲ್ಲ ಕೂತು ಎರಡು ಭಾನುವಾರ ಮಾತಾಡಿ ತೀರ್ಮಾನ ಕೊಟ್ಟರು. ಮುಖ ಅಣ್ಣನಿಗೆ, ಬೆನ್ನು ತಮ್ಮನಿಗೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ತಮ್ಮನ ಆರು ತಿಂಗಳಲ್ಲಿ ಅವರು ಸ್ಟೀಲಿನ ಬದಿಯನ್ನೇ ಮೇಲೆ ಮಾಡಿ ಕಟ್ಟುತ್ತಿದ್ದರು. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ, "ಅದು ಅಣ್ಣನ ಪಾಲಿನಲ್ಲಿ ಉಂಟು" ಎನ್ನುತ್ತಿದ್ದರು.

ಹೀಗೆ ಇಬ್ಬರಿಗೂ ಮಾತು ನಿಂತಿತು. ವಾಚ್ ಕೈ ಬದಲಾಗುವುದೂ ನನ್ನ ಅಂಗಡಿಯ ಮೂಲಕ. ಒಬ್ಬರು ಇಟ್ಟು ಹೋಗುವುದು, ಮರುದಿನ ಇನ್ನೊಬ್ಬರು ಕೊಂಡುಹೋಗುವುದು. ಇದರ ನಡುವೆ ಸೋತದ್ದು ಕಬಕದಲ್ಲಿರುವ ಅವರ ತಂಗಿ. ಆ ತಂಗಿಯ ಒಬ್ಬಳೇ ಮಗಳ ಮದುವೆಯ ಮಾತು ನಡೆಯುತ್ತಿತ್ತು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವಂದಿರು. ಅವನು ಬಂದರೆ ನಾನಿಲ್ಲ ಎಂದು ದೊಡ್ಡವರು. ಅವರು ಬಂದರೆ ನಾನಿಲ್ಲ ಎಂದು ಸಣ್ಣವರು. ಆ ತಾಯಿಯ ಮುಖ ನೋಡಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ವಾಚನ್ನು ಮಗುಚಿದ ಹೆಬ್ಬೆರಳು ನನ್ನದಲ್ಲವೆ?

ತಮ್ಮನನ್ನು ಸಮಾಧಾನ ಮಾಡೋಣವೆಂದು ಒಮ್ಮೆ ಹೇಳಿದೆ: "ಬೆನ್ನು ಕಡಿಮೆಯದ್ದಲ್ಲ. ಈ ಖಾಲಿ ಜಾಗದಲ್ಲಿ ಆಮೇಲೆ ರಾಜಮಹಾರಾಜರೆಲ್ಲ ತಮ್ಮ ಲಾಂಛನ ಕೆತ್ತಿಸಿಕೊಂಡರು. ನೀವೂ ಚಂದದ ಎರಡಕ್ಷರ ಹಾಕಿಸಿ."

ಮರುವಾರ ತೋರಿಸಲು ಬಂದರು. ಪಾತ್ರೆ ಅಂಗಡಿಯಲ್ಲಿ ಜರ್ರ್ ಎನ್ನುವ ಮೆಷಿನಿನಲ್ಲಿ ಚೆಂಬಿಗೆ ಹೆಸರು ಹಾಕುತ್ತಾರಲ್ಲ, ಅವರಿಂದಲೇ ಹಾಕಿಸಿದ್ದರು. ಚುಕ್ಕಿ ಚುಕ್ಕಿ ಅಕ್ಷರ. ಪೂರ್ತಿ ಹೆಸರು, ಮನೆಯ ಹೆಸರು, ಪಂಜ ಅಂಚೆ, ಸುಳ್ಯ ತಾಲೂಕು, ದ.ಕ.

"ಎಂತ ಮಾಡಿದ್ದು ಮಾರಾಯ್ರೆ ಇದು!"

"ಮದುವೆ, ಜಂಬರಕ್ಕೆ ಕೊಟ್ಟ ಚೆಂಬು, ಚರಿಗೆ ಎಲ್ಲ ಮನೆಗೆ ವಾಪಸ್ ಬರುದು ಹೆಸರು ಇದ್ದದ್ದಕ್ಕೆ ಅಲ್ವಾ? ಆದರೂ ಜಾಗ ಸಾಲುದಿಲ್ಲ. ಫೋನ್ ನಂಬರ್ ಹಿಡಿಲಿಲ್ಲ. ಕಂಪೆನಿಯವರಿಗೆ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಹೇಳಿ."

ಕಂಪೆನಿಯವರು ಈ ಜಾತಿಯ ವಾಚನ್ನು ಎಷ್ಟೋ ಮೊದಲೇ ದೊಡ್ಡದು ಮಾಡಿದ್ದರು. ನಾನು ಹೇಳಲಿಲ್ಲ. ಹೇಳಿದ್ದರೆ ಅಂಗಡಿಯ ಜಾಹೀರಾತನ್ನೂ ಹಾಕಿಸುತ್ತಿದ್ದರು.

೪. ಡಾಕ್ಟರ ಹೊಸ ವಾಚ್

ಪುತ್ತೂರಿನ ಡಾಕ್ಟರೊಬ್ಬರು ದುಬೈಯಿಂದ ಅದೇ ಜಾತಿಯ ಹೊಸ ವಾಚ್ ತಂದಿದ್ದರು. ಪಟ್ಟಿಗೆ ಒಂದು ತೂತು ಹೆಚ್ಚು ಹಾಕಿಸಲು ನನ್ನ ಅಂಗಡಿಗೆ ಬಂದಾಗ ಪಂಜದ ತಮ್ಮನೂ ಅಲ್ಲೇ ಕೂತಿದ್ದರು. ಡಾಕ್ಟರು ಅಭಿಮಾನದಿಂದ ಮಗುಚಿ ತೋರಿಸಿದರು. ಈ ಬದಿಗೆ ಬಿಳಿ ಡಯಲು, ಆ ಬದಿಗೆ ಕಪ್ಪು ಡಯಲು. ಇಲ್ಲಿ ಪುತ್ತೂರಿನ ಗಂಟೆ, ಅಲ್ಲಿ ದುಬೈಯ ಗಂಟೆ.

ಪಂಜದ ತಮ್ಮ ಕನ್ನಡಕ ಏರಿಸಿದರು. "ಗಾಜು ಒಡೆಯಬಾರದು ಅಂತ ಮಗುಚುದು ಅಲ್ವಾ? ಮಗುಚಿದರೆ ಅಲ್ಲಿಯೂ ಗಾಜು. ಇನ್ನು ಎಲ್ಲಿಗೆ ಮಗುಚುದು ಡಾಕ್ಟ್ರೆ?"

ಡಾಕ್ಟರು ವಾಚನ್ನು ಪುನಃ ಒಮ್ಮೆ ಮಗುಚಿ ನೋಡಿದರು. ನಾನು ನಡುವೆ ಬಂದು, "ಕಾಲ ಬದಲಾದ ಹಾಗೆ ವಾಚೂ ಬದಲಾಯಿತು. ಈಗ ಯಾರೂ ಪೋಲೊ ಆಡುದಿಲ್ಲ, ಎಲ್ಲರೂ ವಿಮಾನದಲ್ಲಿ ತಿರುಗುದು. ಅದಕ್ಕೆ ಎರಡು ಊರಿನ ಗಂಟೆ. ವಿಶೇಷ ಎಂತ ಅಂದ್ರೆ ಒಳಗೆ ಮೆಷಿನ್ ಒಂದೇ, ಅದೇ ಎರಡೂ ಮುಖವನ್ನು ಓಡಿಸುದು" ಎಂದೆ.

"ವಿಮಾನವೂ ಅಲ್ಲ, ಎಂತದೂ ಅಲ್ಲ" ಎಂದರು ತಮ್ಮ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ತೃಪ್ತಿ ಕಂಡೆ. "ಆ ಕಂಪೆನಿ ಮನೆಯಲ್ಲಿಯೂ ಪಾಲಾಗಿರ್ಬೇಕು. ಅಲ್ಲಿ ತಮ್ಮನಿಗೆ ನ್ಯಾಯ ಸಿಕ್ಕಿತು, ನೋಡಿ!"

೫. ಒಳಗಿನದ್ದು ಯಾರದ್ದು

ಕಳೆದ ಮಾರ್ಚಿನಲ್ಲಿ ತಂಗಿಯ ಮಗಳಿಗೆ ಕಡಬದ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಮೂರು ವಾರ ಉಳಿದಿತ್ತು. ಮಾವಂದಿರ ಹಟ ಹಾಗೇ ಇತ್ತು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಣ್ಣ ವಾಚ್ ಇಡಲು ಬಂದು ನನ್ನ ಹಳೆಯ ಬೆಂಚಿನ ನಡುವೆ ಕೂತರು. ಐದು ನಿಮಿಷದಲ್ಲಿ ತಮ್ಮ ಬಂದರು. ಇಬ್ಬರಿಗೂ ಹತ್ತು ಗಂಟೆಗೇ ಬರಲು ಯಾರೋ ಫೋನ್ ಮಾಡಿದ್ದರಂತೆ. ನಾನಂತೂ ಮಾಡಿರಲಿಲ್ಲ. ತಮ್ಮ ಬೆಂಚಿನ ಒಂದು ತುದಿಯಲ್ಲಿ ಕೂತು ರಸ್ತೆಯ ಕಡೆ ಮುಖ ಮಾಡಿದರು. ಅಣ್ಣ ಇನ್ನೊಂದು ತುದಿಗೆ ಸರಿದು ಗೋಡೆಯ ಕಡೆ ಮುಖ ಮಾಡಿದರು.

"ಎರಡು ದಿನ ತಡ ಆಯ್ತು ಅಂತ ಅವರಿಗೆ ಹೇಳಿ" ಎಂದರು ತಮ್ಮ ನನಗೆ.

"ಎರಡು ದಿನ ತಡ ಆಯ್ತಂತೆ" ಎಂದೆ ಅಣ್ಣನಿಗೆ.

"ಫೆಬ್ರವರಿಯಲ್ಲಿ ಎರಡು ದಿನ ಕಡಿಮೆ ಇತ್ತು ಅಂತ ಅವನಿಗೆ ಹೇಳಿ."

ನಾನು ಇದನ್ನು ದಾಟಿಸುವುದರೊಳಗೆ ಆಟೋದಿಂದ ತಂಗಿ ಇಳಿದರು. ಇಬ್ಬರನ್ನೂ ನೋಡಲಿಲ್ಲ. ಸೀದಾ ನನ್ನ ಮೇಜಿಗೆ ಬಂದು ವಾಚನ್ನು ತೋರಿಸಿ, "ಮುಖ ದೊಡ್ಡಣ್ಣನದ್ದು. ಬೆನ್ನು ಸಣ್ಣಣ್ಣನದ್ದು. ಒಳಗಿನ ಮೆಷಿನ್ ಯಾರದ್ದು?" ಎಂದು ಕೇಳಿದರು.

ನಾನು ಬೆಂಚಿನ ಕಡೆ ನೋಡಿದೆ. ಎರಡು ಮುಖಗಳೂ ಮೇಜಿನ ಕಡೆ ತಿರುಗಿದ್ದವು.

"ಪಾಲಿನಲ್ಲಿ ಬರಲಿಲ್ಲ ಅಲ್ವಾ? ಹಾಗಾದರೆ ಅದು ನನ್ನದು. ಜಾಗಕ್ಕೆ ನಾನು ಹಕ್ಕುಬಿಡುಗಡೆ ಬರೆದುಕೊಟ್ಟಿದ್ದೇನೆ. ಮೆಷಿನಿಗೆ ಕೊಡ್ಲಿಲ್ಲ. ಬಿಚ್ಚಿ ಕೊಡಿ ಮಾರಾಯ್ರೆ." ಚೀಲದಿಂದ ಸಣ್ಣ ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳ ತೆರೆದು ಮೇಜಿನ ಮೇಲಿಟ್ಟರು.

ನ್ಯಾಯ ಸರಿಯಾಗಿಯೇ ಕಂಡಿತು. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

"ನಿಲ್ಸಿ!" ಎಂದರು ಅಣ್ಣ ತಮ್ಮ ಒಟ್ಟಿಗೆ.

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ನನ್ನ ಮೂಲಕ ಕನ್ನಡದಲ್ಲಿ ಬರುತ್ತಿದ್ದ ಜಗಳ ಒಮ್ಮೆಲೇ ಸುಳ್ಯ ಕಡೆಯ ಗೌಡರು ಮನೆಯಲ್ಲಿ ಆಡುವ ಅರೆಭಾಷೆಗೆ ತಿರುಗಿತು. ಇವಳಿಗೆ ಏನಾಯಿತು ಎಂದು ಅಣ್ಣ. ಇವಳು ಸಣ್ಣವಳಿರುವಾಗಲೂ ಹೀಗೇ, ಹಲಸಿನ ಹಣ್ಣು ನಾವು ಹೊತ್ತು ತಂದರೆ ಸೊಳೆ ಎಲ್ಲ ಇವಳು ತಿನ್ನುತ್ತಿದ್ದಳು ಎಂದು ತಮ್ಮ. ಅಣ್ಣನಿಗೆ ನಗು ಬಂತು. ಇಬ್ಬರೂ ತಲೆ ಹತ್ತಿರ ತಂದು ಗುಸುಗುಸು ಮಾಡಿದರು. ಕೊನೆಗೆ ಅಣ್ಣ ಗಂಟಲು ಸರಿಮಾಡಿ ತೀರ್ಪು ಹೇಳಿದರು:

"ಮೆಷಿನ್ ನಿನಗೆ ಕೊಡುದಿಲ್ಲ. ಇಡೀ ವಾಚನ್ನು ಮದುಮಗನಿಗೆ ಕೊಡ್ತೇವೆ."

"ಇಬ್ಬರೂ ಒಟ್ಟಿಗೆ ನಿಂತು ಕೊಡ್ತೇವೆ" ಎಂದರು ತಮ್ಮ. "ಒಬ್ಬರೇ ನಿಂತರೆ ಇವಳು ನಡುವೆ ಕೈ ಹಾಕ್ತಾಳೆ. ಅಲ್ವಾ ಅಣ್ಣ?"

ತಂಗಿ ಮುಖ ಗಂಟಿಕ್ಕಿಕೊಂಡು ಡಬ್ಬಿ ಮುಚ್ಚಿದರು. ಅಣ್ಣತಮ್ಮಂದಿರು ಗೆದ್ದವರ ಗತ್ತಿನಲ್ಲಿ ಒಟ್ಟಿಗೆ ಎದ್ದು, ಒಂದೇ ಜೀಪಿನಲ್ಲಿ ಹೋಟೆಲಿನ ಕಡೆ ಹೋದರು. ಮೂರರಲ್ಲಿ ಒಂದು ಪಾಲು ಕೇಳಿದವರ ಅಳಿಯನಿಗೆ ಇಡೀ ವಾಚೇ ಹೋಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ನನಗೆ ನಿಜವಾಗಿ ಕಣ್ಣು ತುಂಬಿತು. ನಾಲ್ಕು ವರ್ಷದಿಂದ ಹೊತ್ತ ಭಾರ ಇಳಿದಿತ್ತು. ಇಬ್ಬರಿಗೂ ಫೋನ್ ಮಾಡಿದವರು ಯಾರೆಂದೂ ಅರ್ಥವಾಯಿತು. ಜೊತೆಗೆ ಸ್ವಲ್ಪ ಹೆಮ್ಮೆಯೂ ಬಂತು, ಸುಳ್ಳು ಯಾಕೆ ಹೇಳಲಿ.

"ಅಕ್ಕ, ಮಂಗಳೂರಿನಲ್ಲಿ ಅಷ್ಟು ದೊಡ್ಡ ದೊಡ್ಡ ವಾಚ್ ಅಂಗಡಿ ಉಂಟು. ಆದರೂ ಇಬ್ಬರನ್ನೂ ಇಲ್ಲಿಗೇ ಕರೆಸಿದಿರಿ. ನನ್ನ ಕೈಕೆಲಸದ ಮೇಲೆ ನಿಮಗೆ ಅಷ್ಟು ನಂಬಿಕೆ ಅಲ್ವಾ?"

"ನಂಬಿಕೆ ಎಲ್ಲ ಉಂಟು" ಎಂದರು ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಆದರೆ ಅಲ್ಲೆಲ್ಲ ಬೇರೆ ಬೇರೆ ಕುರ್ಚಿ ಮಾರಾಯ್ರೆ. ಇಲ್ಲಿ ಇರುದು ಈ ಒಂದು ಮುರುಕು ಬೆಂಚು. ಒಬ್ಬ ಸಿಟ್ಟಿನಲ್ಲಿ ಎದ್ದು ಹೋದರೆ ಇನ್ನೊಬ್ಬ ಕೆಳಗೆ ಬೀಳ್ತಾನೆ. ಅದಕ್ಕೇ ಇಬ್ಬರೂ ಏಳ್ಲಿಲ್ಲ."