ಮೂರು ಸಾವಿರ ವರ್ಷದ ಹಲ್ಲು ತಿಕ್ಕಿದ ಕಥೆ

ಕೊಳೆಯಾದ ಮಾಲನ್ನು ತಪಾಸಣೆಗೆ ಕಳಿಸಬಾರದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಪುಣೆಯ ಭೋಸರಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಉಜ್ಜುವ ನನಗೆ ಗೊತ್ತಿದ್ದ ವಿಜ್ಞಾನ ಇಷ್ಟೇ. ಇಷ್ಟೇ ಬಂಡವಾಳದ ಮೇಲೆ ನಾನು ತಂಗಿ ಗಿರಿಜಾಳ ಸಂಶೋಧನೆಗೆ ಕೈಹಾಕಿದೆ!

ಅವಳು ಓದುತ್ತಿದ್ದುದು ಪ್ರಾಚೀನ ಎಲುಬುಗಳ ಡಿಎನ್‌ಎ. ಅದು ಹಳೆಯ ಹಪ್ಪಳದಂತೆ ಚೂರುಚೂರಾಗಿರುತ್ತದಂತೆ. ಆ ಚೂರುಗಳನ್ನು ಯಂತ್ರ ಓದುವಂತೆ ಸಿದ್ಧಪಡಿಸಲು ಎರಡು ವಿಧಾನ. ಯಾವುದು ಮೇಲು ಎಂದು ಹೋಲಿಸಬೇಕು. ಅದಕ್ಕೆ ಉತ್ಖನನದವರು ಕೊಟ್ಟದ್ದು ಒಂದೇ ಒಂದು ಹಲ್ಲು. ಭಾನುವಾರ ಗಿರಿಜಾಳಿಗೆ ಜ್ವರ. ಇಂದಾಪುರದ ಬಸ್ಸಿಗೆ ಬಂದ ಹಲ್ಲಿನ ಪೊಟ್ಟಣವನ್ನು ಕೋಥರೂಡದ ಮನೆಗೆ ನಾನೇ ತಂದೆ.

"ಅಣ್ಣಾ, ಬಿಚ್ಚಬ್ಯಾಡ ಮತ್ತ."

"ನಾ ಏನು ಸಣ್ಣ ಕೂಸೇನು?" ಎಂದೆ.

ಬಿಚ್ಚಿದೆ.

ಹಲ್ಲಿನ ಮೇಲೆಲ್ಲ ಮಣ್ಣು! ಇಂಥದನ್ನು ತಂಗಿ ತನ್ನ ಸರ್ ಮುಂದೆ ಇಡುವುದೇ? ನಾನು ಹಲ್ಲುಜ್ಜುವ ಬ್ರಶ್ಶಿನಿಂದಲೇ ತಿಕ್ಕಿದೆ. ಉಫ್ ಎಂದು ಊದಿದೆ. ಬನಿಯನ್ನಿನಿಂದ ಒರೆಸಿ, ಮೊದಲಿನಂತೆ ಕಟ್ಟಿಟ್ಟೆ. ಉತ್ಖನನದವರೇ ತೊಳೆದಿದ್ದಾರೆ ಎಂದುಕೊಂಡಳು ಪಾಪ.

ತಿಂಗಳಾದ ಮೇಲೆ ಒಂದು ದಿನ ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದಳು.

"ಯಾಕವ್ವಾ?"

"ಎರಡೂ ವಿಧಾನದಾಗ ನಂದ ಡಿಎನ್‌ಎ ಬಂದದ. ಕೈಗವಸು ಹಾಕ್ಕೊಳ್ಳದನ ಹಲ್ಲು ಮುಟ್ಟೀದಿ, ಕೆಲಸ ಬಿಡು ಅಂತಾರ ಸರ್. ನಾ ಹಾಕ್ಕೊಂಡಿದ್ದೆ, ದೇವರಾಣೆ!"

"ಬ್ಯಾರೆ ಯಾರದರ ಇರಬಹುದಲ್ಲ?"

"ಅವ್ವನಿಂದ ಮಕ್ಕಳಿಗೆ ಬರೋ ಗುರುತು ಅದು. ನನಗ ಪೂರಾ ಹೊಂದತದ."

ನಮ್ಮವ್ವನಿಗೆ ಮಕ್ಕಳು ಇಬ್ಬರೇ.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ತಂಗಿ ಮಜ್ಜಿಗೆಯನ್ನೂ ಮುಟ್ಟದಿದ್ದಾಗ ಪಾಪಿ ನಾನು ಹೆದರಿಕೆಗೆ ಎರಡು ರೊಟ್ಟಿ ಹೆಚ್ಚೇ ತಿಂದೆ! ಮೂರನೆಯ ದಿನ ಅವಳನ್ನು ಸ್ಕೂಟರಿನ ಮೇಲೆ ಕರೆದೊಯ್ದು, ಸರ್ ಮುಂದೆ ಕೈಮುಗಿದು ಎಲ್ಲ ಒಪ್ಪಿಕೊಂಡೆ.

ಸರ್ ಕನ್ನಡಕ ತೆಗೆದು ಮರಾಠಿಯಲ್ಲಿ ಕೇಳಿದರು. "ಬ್ರಶ್ ಕೋಣಾಚಾ?"

ಬ್ರಶ್ ಯಾರದೆಂಬ ಪ್ರಶ್ನೆಗೆ ನನ್ನದೆಂದು ಇಡೀ ಪ್ರಯೋಗಾಲಯದೆದುರು ಹೇಳಬೇಕಾಯಿತು. "ಮಾಝಾ, ಸರ್."

ನನ್ನ ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿದರು. ಮತ್ತೆ ಹುಡುಕಿದಾಗ ಹಲ್ಲಿನಲ್ಲಿ ಗಂಡಸಿನ ಗುರುತೂ ಸಿಕ್ಕಿತು, ನನ್ನದಕ್ಕೆ ಪೂರಾ ಹೊಂದಿತು. ಆ ಪ್ರಾಚೀನ ಮಾನವ ನಾನೇ! ಗಿರಿಜಾಳ ಕೆಲಸ ಉಳಿಯಿತು.

ಸುದ್ದಿ ತಿಳಿದ ಸಂಜೆ ಗಿರಿಜಾ ಸ್ಕೂಟರಿನ ಹಿಂದೆ ಕೂತಳು. ಬೈಗುಳಕ್ಕೆ ಕಾದೆ. ನನ್ನ ಬೆನ್ನಿಗೆ ಹಣೆ ಹಚ್ಚಿ ನಗಹತ್ತಿದಳು.

"ಎರಡನೇ ವಿಧಾನದಾಗ ನೀ ಭಾಳ ಚೊಲೋ ಬಂದೀ ಅಣ್ಣಾ."

ನನಗೆ ಅಳು ಬಂತು.

ಉತ್ಖನನದವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಹಲ್ಲು ಕಳಿಸಿದರು. ತರಲು ನಾನು ಚಪ್ಪಲಿ ಮೆಟ್ಟಿದೆ. ಗಿರಿಜಾ ನನ್ನ ಕೈಯಿಂದ ಸ್ಕೂಟರಿನ ಕೀಲಿ ಕಸಿದುಕೊಂಡಳು.

"ಮತ್ತ ನಾ ಏನ್ ಮಾಡ್ಲೆವ್ವಾ?"

"ಏನೂ ಮಾಡಬ್ಯಾಡ."

ಅವಳು ಬರುವವರೆಗೆ ಮೂರು ತಾಸು ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ವಿಜ್ಞಾನಕ್ಕೆ ನಾನು ಮಾಡಿದ ಸೇವೆ ಅದೊಂದೇ!