ಮೂರು ತಿಂಗಳ ಚಕ್ರವರ್ತಿ

ಎಲ್ಲದಕ್ಕೂ ಕಾರಣ ಒಂದು ಕುಳಿ. ಹಲ್ಲು ಬಿದ್ದ ಜಾಗಕ್ಕೇ ನಾಲಿಗೆ ಮತ್ತೆ ಮತ್ತೆ ಹೋಗುವ ಹಾಗೆ, ಕನ್ನಡಕದಂಗಡಿ ಗುಮಾಸ್ತನ ಕಣ್ಣು ಚಿಕ್ಕಂದಿನಿಂದಲೂ ಆ ಕುಳಿಗೇ ಹೋಗುತ್ತಿತ್ತು.

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ, ಒಳಗೆ ನೀಲಿ ಮಖಮಲ್ಲು ಹಾಸಿದ ಒಂದು ಚಪ್ಪಟೆ ಮರದ ಪೆಟ್ಟಿಗೆ. ಅದರಲ್ಲಿ ಹನ್ನೆರಡು ಕುಳಿ; ಹನ್ನೊಂದರಲ್ಲಿ ಹಳೆಯ ರೋಮಿನ ಹನ್ನೊಂದು ದೊರೆಗಳ ಬೆಳ್ಳಿ ನಾಣ್ಯ. ರಜೆಯ ದಿನ ಅಪ್ಪ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವ್ನು ಜಿಪುಣ, ಇವ್ನು ಹುಚ್ಚ, ಇವ್ನು ಬರೀ ಹೊಟ್ಟೆಬಾಕ" ಎಂದು ನೆಂಟರನ್ನು ಪರಿಚಯಿಸುವಂತೆ ಒಬ್ಬೊಬ್ಬರನ್ನೇ ತೋರಿಸುತ್ತಿದ್ದರು. ಖಾಲಿ ಕುಳಿ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. "ಇಲ್ಲಿ ಒಥೋ ದೊರೆ ಬರ್ಬೇಕು ಮಗಾ. ಸಾಲು ಪೂರ್ತಿ ಆಗಿದ್ದನ್ನ ಒಂದ್ಸಲ ನೋಡ್ಬೇಕು." ನೋಡದೆಯೇ ಹೋದರು.

ಆ ಬೆಳಿಗ್ಗೆ ನಾಣ್ಯದ ವ್ಯಾಪಾರಿ ಫೋನು ಮಾಡಿದ. "ಒಥೋ ಬಂದಿದ್ದಾನೆ. ಸಂಜೆ ಇನ್ನೊಬ್ರು ಬಂದು ತಗೊಂಡು ಹೋಗ್ತಾರೆ. ಬೇಕಾದ್ರೆ ಬೇಗ ಬನ್ನಿ." ಬೆಲೆ ಕೇಳಿದ ಮೇಲೆ ಗುಮಾಸ್ತ ಕುರ್ಚಿ ಹುಡುಕಿದ.

"ಎಷ್ಟು ವರ್ಷ ಆಳಿದ್ನಂತೆ ಅವ್ನು?" ಹೆಂಡತಿ ಕೇಳಿದಳು.

"ಮೂರು ತಿಂಗಳು."

"ಮೂರು ತಿಂಗಳಿಗೆ ನಿಮ್ಮ ಒಂದು ವರ್ಷದ ಸಂಬಳವಾ?"

"ಅದಕ್ಕೇ ಕಣೇ! ಕಮ್ಮಿ ದಿನ ಆಳಿದ, ಕಮ್ಮಿ ನಾಣ್ಯ ಹೊಡೆಸಿದ. ಸಿಗೋದೇ ಇಲ್ಲ, ಅದಕ್ಕೇ ಬೆಲೆ."

"ಹಾಗಾದ್ರೆ ಈ ಮನೇಲಿ ಒಂದು ದಿನಾನೂ ಆಳದೇ ಇರೋ ನಿಮ್ಮ ಬೆಲೆ ಎಷ್ಟಿರ್ಬೇಕು!"

ಅಂಗಡಿಯಲ್ಲಿ ಕೆಲಸದ ಮೇಲೆ ಗಮನ ನಿಲ್ಲಲಿಲ್ಲ. ಅಜ್ಜಿಯೊಬ್ಬರಿಗೆ ಯಾರದೋ ಕನ್ನಡಕ ತೊಡಿಸಿಬಿಟ್ಟ. ಅವರು ನಿಲುವುಗನ್ನಡಿಯನ್ನೇ ಬಾಗಿಲೆಂದುಕೊಂಡು, "ಸ್ವಲ್ಪ ದಾರಿ ಬಿಡಮ್ಮಾ" ಎಂದು ತಮ್ಮನ್ನೇ ಗದರಿದರು. ಅದೇ ಹೊತ್ತಿಗೆ ಮುಂಗಡ ಸಂಬಳ ಕೇಳಿದರೆ ಮಾಲೀಕ ಏನು ಹೇಳಿಯಾನು? "ಸತ್ತಿರೋ ರಾಜನ ಯೋಚನೆ ಬಿಟ್ಟು, ಬದುಕಿರೋ ಅಜ್ಜೀನ ನೋಡ್ಕೊಳ್ಳಯ್ಯಾ!"

ಮಧ್ಯಾಹ್ನ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬೀದಿಯಲ್ಲೇ ಹಿಡಿದು ವಿಷಯವೆಲ್ಲ ಕೇಳಿದರು. ಟಪಾಲು ಹಂಚುವುದು ನಿಂತ ಮೇಲೆ ಅವರು ಸಲಹೆ ಹಂಚುತ್ತಿದ್ದರು.

"ಹಳೇ ಪಾತ್ರೆ ಕೊಟ್ಟು ಹೊಸದು ತಗೊಳ್ಳಲ್ವೇನ್ರೀ? ಹಾಗೇ. ಸವೆದಿರೋ ಎರಡು ಮುಖ ಕೊಟ್ಟು ಬಿಸಾಕಿ. ನಡೀರಿ, ನಾನೂ ಬರ್ತೀನಿ. ನೀವು ಬಾಯಿ ಬಿಟ್ರೆ ಬಣ್ಣಗೇಡು."

ವ್ಯಾಪಾರಿ ಒಥೋನನ್ನು ಮಸೂರದಡಿ ಇಟ್ಟ. ಆ ದೊರೆ ವಿಗ್ಗು ಹಾಕುತ್ತಿದ್ದನಂತೆ. ಅದರ ಸುರುಳಿ ಸುರುಳಿಯೂ ಇವತ್ತು ಬೆಳಿಗ್ಗೆ ಬಾಚಿದಷ್ಟು ನೀಟಾಗಿತ್ತು. ಗುಮಾಸ್ತನಿಗೆ ಆಮೇಲೆ ಬೇರೇನೂ ಕಾಣಲಿಲ್ಲ. ತಂದಿದ್ದ ಅಪ್ಪನ ಪೆಟ್ಟಿಗೆಯಿಂದ ಎರಡು ನಾಣ್ಯ ತೆಗೆದು ಮುಂದಿಟ್ಟ.

"ಇದರ ಮೂಗು ಸವೆದಿದೆ. ಅದರ ಅಂಚು ಸೀಳಿದೆ. ಸಾಲಲ್ಲ ಸಾರ್."

"ಇನ್ನೊಂದು ಹಾಕಿ, ಹೋಗ್ಲಿ" ಎಂದರು ಪೋಸ್ಟ್‌ಮಾಸ್ಟರು.

ಇನ್ನೊಂದು ಹೋಯಿತು. ಅದಕ್ಕೂ ಒಂದು ಕೊಂಕು. ಮತ್ತೊಂದು ಹೋಯಿತು. ಜಿಪುಣ ಹೋದ, ಹುಚ್ಚ ಹೋದ, ಹೊಟ್ಟೆಬಾಕ ಹೋದ. ಹನ್ನೊಂದೂ ಹೋದ ಮೇಲೂ ವ್ಯಾಪಾರಿ ಮುಖ ಸಿಂಡರಿಸಿಕೊಂಡೇ ಇದ್ದ.

"ಕೊಸರಿಗೆ ಪೆಟ್ಟಿಗೆ ಇಟ್ಕೊಳ್ಳಪ್ಪಾ, ವ್ಯಾಪಾರ ಮುಗೀಲಿ!" ಎಂದು ಪೋಸ್ಟ್‌ಮಾಸ್ಟರೇ ಮುಗಿಸಿದರು.

ಗುಮಾಸ್ತ ಗಾಳಿಯಲ್ಲಿ ತೇಲುತ್ತ ಮನೆಗೆ ಬಂದ. ಮುಷ್ಟಿಯಲ್ಲಿ ಒಥೋ. ಕೈಕಾಲು ತೊಳೆದು, ಅಪ್ಪನ ಕಪಾಟಿನ ಬಾಗಿಲು ತೆರೆದು, ಕುಳಿ ತುಂಬಲು ಕೈ ಚಾಚಿದ. ಕಪಾಟಿನಲ್ಲಿ ಪೆಟ್ಟಿಗೆಯ ಗಾತ್ರದ ಧೂಳಿಲ್ಲದ ಜಾಗವಿತ್ತು, ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಂದೂ ಚುಚ್ಚುಮಾತಾಡಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

"ಚಪ್ಪಲಿ ಹಾಕ್ಕೊಳ್ಳಿ" ಎಂದಳು. "ಅವ್ನನ್ನ ವಾಪಸ್ ಕೊಟ್ಟು ಆ ಹನ್ನೊಂದೂ ಜನಾನ ಕರ್ಕೊಂಡು ಬರೋಣ."

ಹೊಸ್ತಿಲು ದಾಟುವಷ್ಟರಲ್ಲಿ ಪೋಸ್ಟ್‌ಮಾಸ್ಟರು ಎದುರಾದರು. ಕಂಕುಳಲ್ಲಿ ಅಪ್ಪನ ಪೆಟ್ಟಿಗೆ!

"ನೀವು ಹೋದ್ಮೇಲೆ ನಾನು ಅಲ್ಲೇ ಕೂತೆ ಕಣ್ರೀ. ಮೂಗು ಸವೆದಿದೆ, ಅಂಚು ಸೀಳಿದೆ ಅಂತ ಅವನು ಹೇಳಿದ್ದನ್ನೆಲ್ಲ ಅವನಿಗೇ ವಾಪಸ್ ಹೇಳ್ದೆ. ಬಾಯಿ ಕಟ್ಟಿಹೋಯ್ತು. ಹನ್ನೊಂದೂ ನೀರಿನ ಬೆಲೆಗೆ ಸಿಕ್ತು!"

"ನನಗೋಸ್ಕರ..." ಗುಮಾಸ್ತನ ಕಣ್ಣು ತುಂಬಿತು.

"ನಿಮಗ್ಯಾಕೆ? ನಿಮ್ಹತ್ರ ಒಳ್ಳೇದೇ ಇದೆಯಲ್ಲ! ನನಗೂ ಹೊತ್ತು ಹೋಗಲ್ಲ ನೋಡಿ, ಒಂದು ಹವ್ಯಾಸ ಆಯ್ತು." ಅವರು ಮೇಜಿನ ಮೇಲೆ ಪೆಟ್ಟಿಗೆ ತೆರೆದರು.

ಯಾರನ್ನೂ ಕೇಳದೆ ಗುಮಾಸ್ತನ ಕೈ ಒಥೋನನ್ನು ಕುಳಿಯಲ್ಲಿಟ್ಟಿತು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹನ್ನೆರಡು ಮುಖ, ಒಂದೇ ಸಾಲು. ಮೂವರೂ ಬಗ್ಗಿ ನೋಡಿದರು.

"ತಗೊಳ್ಳಿ, ತಗೊಳ್ಳಿ, ನಿಮ್ದು ನಿಮಗೆ" ಎಂದರು ಪೋಸ್ಟ್‌ಮಾಸ್ಟರು ದೊಡ್ಡ ಮನಸ್ಸಿನಿಂದ.

ಗುಮಾಸ್ತ ಅಂಚಿಗೆ ಉಗುರು ಕೊಟ್ಟ. ಎತ್ತಿದರೆ ಮತ್ತೆ ಕುಳಿ. ಉಗುರು ಹಿಂದಕ್ಕೆ ಬಂತು.

"ಬೇಡ" ಎಂದ. "ಅಲ್ಲೇ ಇರ್ಲಿ."

ಪೋಸ್ಟ್‌ಮಾಸ್ಟರು ಹಿಗ್ಗಿನಲ್ಲಿ ಪೆಟ್ಟಿಗೆಯನ್ನು ಗಬಕ್ಕನೆ ಕಂಕುಳಿಗೆ ಸೇರಿಸಲು ಹೋದರು.

"ಹಾಗಲ್ಲ ಸಾರ್! ಓರೆ ಮಾಡ್ಬೇಡಿ, ಉರುಳ್ತಾರೆ!" ಗುಮಾಸ್ತ ಓಡಿ ಇನ್ನೊಂದು ತುದಿ ಹಿಡಿದುಕೊಂಡ. "ನಿಧಾನ... ಮೆಟ್ಟಿಲಿದೆ... ನಿಧಾನ..." ಎನ್ನುತ್ತ, ಅಪ್ಪನ ಹನ್ನೆರಡು ದೊರೆಗಳನ್ನೂ ತಾನೇ ಜೋಪಾನವಾಗಿ ಬೀದಿ ದಾಟಿಸಿ, ಎದುರುಮನೆಗೆ ಮುಟ್ಟಿಸಿ ಬಂದ.